ನಿನೆವೆಯ ಐದು ಬರಹಗಳು: ಬೈಬಲು ಇತಿಹಾಸವೋ, ಕಥನವೋ?

ಬೈಬಲಿನ ಬರಹಗಳನ್ನು ನಡೆದ ಸಂಗತಿಗಳ ದಾಖಲೆಯೆಂದು ಓದಬೇಕೇ ಅಥವಾ ಕಲ್ಪಿತ ಕಥನವೆಂದು ಓದಬೇಕೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಇಡೀ ಗ್ರಂಥಕ್ಕೆ ಒಮ್ಮೆಗೇ ಹಾಕಲಾಗುತ್ತದೆ. ಹಾಗೆ ಹಾಕಿದ ಕ್ಷಣದಿಂದಲೇ ಉತ್ತರ ದಾರಿ ತಪ್ಪುತ್ತದೆ. ಏಕೆಂದರೆ ಬೈಬಲು ಒಂದು ಪುಸ್ತಕವಲ್ಲ, ಹೆಚ್ಚುಕಡಿಮೆ ಒಂದು ಸಾವಿರ ವರ್ಷಗಳ ಅವಧಿಯಲ್ಲಿ ಹೀಬ್ರೂ, ಅರಮಾಯಿಕ್ ಮತ್ತು ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ರೂಪುಗೊಂಡ ಬರಹಗಳ ಸಂಗ್ರಹ. ಪ್ರಾಟೆಸ್ಟಂಟರ ಎಣಿಕೆಯಲ್ಲಿ ಅದು 66 ಪುಸ್ತಕಗಳ, ಕ್ಯಾಥೊಲಿಕರ ಎಣಿಕೆಯಲ್ಲಿ 73 ಪುಸ್ತಕಗಳ ಸಂಪುಟ. ಅದರಲ್ಲಿ ರಾಜವಂಶಗಳ ವೃತ್ತಾಂತವಿದೆ, ಕಾನೂನಿದೆ, ಪ್ರೇಮಗೀತೆಯಿದೆ, ಗಾದೆಗಳ ಸಂಕಲನವಿದೆ, ಊರಿನಿಂದೂರಿಗೆ ಬರೆದ ಪತ್ರಗಳಿವೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಆರಂಭದಲ್ಲಿ ಕನ್ನಡ ಅನುವಾದಕ್ಕೆ ಕೈಹಾಕಿದ ಕಾಲದಿಂದ ಇಂದಿನವರೆಗೆ ಕನ್ನಡದ ಸತ್ಯವೇದವೂ ಬಹುತೇಕ ಇವೆಲ್ಲವನ್ನೂ ಒಂದೇ ರಟ್ಟಿನೊಳಗೆ, ಒಂದೇ ಅಕ್ಷರಗಾತ್ರದಲ್ಲಿ, ಸಾಲುಸಾಲಿಗೂ ವಚನಸಂಖ್ಯೆ ಹೊತ್ತ ರೂಪದಲ್ಲಿ ಓದುಗರ ಮುಂದಿಟ್ಟಿದೆ. ಈಗ ಬಳಕೆಯಲ್ಲಿರುವ ವಚನಸಂಖ್ಯೆಗಳನ್ನು ಮುದ್ರಕ ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಹೊಸ ಒಡಂಬಡಿಕೆಯ ಮುದ್ರಣಕ್ಕೆ ಅಳವಡಿಸಿದ. ಆ ಸಮಾನ ಪೋಷಾಕಿನ ಕೆಳಗೆ ಅರಸನ ಕಾಲಾನುಕ್ರಮಣಿಕೆಯೂ ಜಾಣ ಕಥೆಗಾರನೊಬ್ಬನ ಸೃಷ್ಟಿಯೂ ಒಂದೇ ಜಾತಿಯ ಬರಹಗಳಂತೆ ಕಾಣತೊಡಗಿದವು.

ಪುಸ್ತಕಗಳ ಜೋಡಣೆಯ ಕ್ರಮವೂ ಓದನ್ನು ಬದಲಿಸುತ್ತದೆ. ಯಹೂದ್ಯರ ಬೈಬಲಿನಲ್ಲಿ ಧರ್ಮಶಾಸ್ತ್ರ, ಪ್ರವಾದಿಗಳು, ಬರಹಗಳು ಎಂಬ ಮೂರು ವಿಭಾಗಗಳಿವೆ. ‘ಅರಸುಗಳು’ ಗ್ರಂಥ ಅಲ್ಲಿ ಪ್ರವಾದಿಗಳ ವಿಭಾಗಕ್ಕೆ ಸೇರುತ್ತದೆ, ರೂತಳ ಕಥೆಯೂ ಎಸ್ತೇರಳ ಕಥೆಯೂ ದಾನಿಯೇಲನ ಪುಸ್ತಕವೂ ಕೊನೆಯ ವಿಭಾಗದಲ್ಲಿ ಕೀರ್ತನೆಗಳ ಜೊತೆಗಿವೆ. ಕ್ರೈಸ್ತರ ಹಳೆಯ ಒಡಂಬಡಿಕೆ ಇವನ್ನು ಎತ್ತಿ ಕಾಲಾನುಕ್ರಮದಲ್ಲಿ ಇರಿಸಿದ್ದರಿಂದ, ಸೃಷ್ಟಿಯಿಂದ ಬಾಬಿಲೋನಿನ ಸೆರೆವಾಸದವರೆಗೆ ಎಲ್ಲವೂ ಒಂದೇ ಎಳೆಯ ಚರಿತ್ರೆಯೆಂಬ ಭಾವನೆ ಗಟ್ಟಿಯಾಯಿತು. ಹೀಗಾಗಿ ಪ್ರಶ್ನೆಯನ್ನು ಸಂಪುಟಕ್ಕಲ್ಲದೆ ಒಂದೊಂದು ಬರಹಕ್ಕೆ, ಕೆಲವೊಮ್ಮೆ ಒಂದು ಬರಹದ ಒಂದೊಂದು ಭಾಗಕ್ಕೆ ಹಾಕಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ನಿನೆವೆ ನಗರಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು. ಇಂದಿನ ಇರಾಕಿನ ಮೋಸುಲ್ ನಗರದ ಎದುರಿಗೆ, ಟೈಗ್ರಿಸ್ ನದಿಯ ಪೂರ್ವದಂಡೆಯಲ್ಲಿದ್ದ ಅಶ್ಶೂರ ಸಾಮ್ರಾಜ್ಯದ ಈ ರಾಜಧಾನಿಯ ಹೆಸರು ಎರಡನೆಯ ‘ಅರಸುಗಳು’ ಗ್ರಂಥ, ನಹೂಮ, ಯೋನ, ತೋಬಿತ, ಯೂದಿತ ಎಂಬ ಐದು ಬರಹಗಳಲ್ಲಿ ಬರುತ್ತದೆ. ನಗರ ಒಂದೇ ಆದರೂ ಐದು ಬರಹಗಳೂ ಓದುಗರೊಡನೆ ಮಾಡಿಕೊಳ್ಳುವ ಕರಾರು ಬೇರೆ ಬೇರೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದದ್ದು ಪ್ರಾಚೀನ ಪಶ್ಚಿಮ ಏಷ್ಯಾದ ಅತ್ಯಂತ ಚೆನ್ನಾಗಿ ದಾಖಲಾದ ಘಟನೆಗಳಲ್ಲಿ ಒಂದು. ಎರಡನೆಯ ‘ಅರಸುಗಳು’ ಗ್ರಂಥದ 18 ಮತ್ತು 19ನೆಯ ಅಧ್ಯಾಯಗಳು ಇದನ್ನು ಹೇಳುತ್ತವೆ. ಅದೇ ದಂಡಯಾತ್ರೆಯನ್ನು ಸನ್ಹೇರೀಬನೂ ತನ್ನ ಶಾಸನಗಳಲ್ಲಿ ಬರೆಯಿಸಿದ್ದಾನೆ. ಅವುಗಳಲ್ಲೊಂದಾದ ಆರುಮುಖದ ಸುಟ್ಟಮಣ್ಣಿನ ಸ್ತಂಭ 1830ರಲ್ಲಿ ಕರ್ನಲ್ ರಾಬರ್ಟ್ ಟೇಲರನ ಕೈಸೇರಿ, ಮುಂದೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. 46 ಕೋಟೆಯ ಊರುಗಳನ್ನು ಹಿಡಿದೆನೆಂದೂ 2,00,150 ಜನರನ್ನು ಹೊರಗೆಳೆದು ತಂದೆನೆಂದೂ ಯೆಹೂದದ ಅರಸ ಹಿಜ್ಕೀಯನನ್ನು ಯೆರೂಸಲೇಮಿನೊಳಗೇ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ನಗರವನ್ನು ಹಿಡಿದೆನೆಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಬೈಬಲಿನ ವೃತ್ತಾಂತವೂ ಯೆರೂಸಲೇಮ್ ಬೀಳಲಿಲ್ಲವೆಂದೇ ಹೇಳುತ್ತದೆ. ಹಿಜ್ಕೀಯ ಕಪ್ಪಕಾಣಿಕೆ ಕೊಟ್ಟನೆಂಬುದನ್ನೂ ಎರಡೂ ಕಡೆಯವರು ಒಪ್ಪುತ್ತಾರೆ: ‘ಅರಸುಗಳು’ ಗ್ರಂಥದಲ್ಲಿ ಅದು 300 ತಲಾಂತು ಬೆಳ್ಳಿ ಮತ್ತು 30 ತಲಾಂತು ಬಂಗಾರ, ಶಾಸನದಲ್ಲಿ 30 ತಲಾಂತು ಬಂಗಾರ ಮತ್ತು 800 ತಲಾಂತು ಬೆಳ್ಳಿ. ಶತ್ರುಗಳಾಗಿದ್ದ ಎರಡು ಆಸ್ಥಾನಗಳ ಲಿಪಿಕಾರರು ಬಂಗಾರದ ತೂಕದಲ್ಲಿ ಒಂದೇ ಸಂಖ್ಯೆಗೆ ಬಂದು ನಿಲ್ಲುವುದು ಪ್ರಾಚೀನ ದಾಖಲೆಗಳಲ್ಲಿ ಅಪರೂಪವಾಗಿ ಸಿಗುವ ಹೊಂದಾಣಿಕೆ.

ನೆಲದೊಳಗಿನ ಸಾಕ್ಷ್ಯವೂ ಇದಕ್ಕೆ ಸೇರಿಕೊಳ್ಳುತ್ತದೆ. ಯೆಹೂದದ ಎರಡನೆಯ ದೊಡ್ಡ ಪಟ್ಟಣವಾಗಿದ್ದ ಲಾಕೀಷಿನ ದಿಬ್ಬವನ್ನು 1930ರ ದಶಕದಲ್ಲಿ ಜೇಮ್ಸ್ ಸ್ಟಾರ್ಕಿಯೂ 1970ರ ದಶಕದಿಂದ ಡೇವಿಡ್ ಉಸಿಶ್ಕಿನ್ನರೂ ಅಗೆದಾಗ, ಸುಟ್ಟು ನಾಶವಾದ ಊರಿನ ಪದರವೂ ಕೋಟೆ ಹತ್ತಲು ಅಶ್ಶೂರ ಸೈನ್ಯ ಕಲ್ಲು ಪೇರಿಸಿ ಕಟ್ಟಿದ ಇಳಿಜಾರು ದಾರಿಯೂ ಸಿಕ್ಕವು. ಅದೇ ಮುತ್ತಿಗೆಯ ಚಿತ್ರಗಳನ್ನು ಸನ್ಹೇರೀಬ ನಿನೆವೆಯ ತನ್ನ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಕೆತ್ತಿಸಿದ್ದ. 19ನೆಯ ಶತಮಾನದ ಮಧ್ಯದಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ಅವನ್ನು ಅಗೆದು ತೆಗೆದ. ಗಾಡಿಗಳಲ್ಲಿ ಮನೆಸಾಮಾನು ಹೇರಿಕೊಂಡು ಮಕ್ಕಳೊಡನೆ ಊರು ಬಿಟ್ಟು ಹೊರಟ ಲಾಕೀಷಿನ ಹೆಂಗಸರನ್ನು ಆ ಶಿಲ್ಪಗಳಲ್ಲಿ ಇಂದಿಗೂ ಕಾಣಬಹುದು. ಹಿಡಿಯಲಾಗದ ಯೆರೂಸಲೇಮಿಗೆ ಬದಲಾಗಿ ಹಿಡಿದ ಲಾಕೀಷನ್ನು ಅರಸ ಅರಮನೆಯಲ್ಲಿ ಮೆರೆಸಿದನೆಂಬುದು ಹಲವು ವಿದ್ವಾಂಸರ ಊಹೆ, ಮತ್ತು ಅದು ಸಮಂಜಸವಾದದ್ದು. ಬೈಬಲಿನ ಬರಹಗಾರ ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಳ್ಳುತ್ತಾನೆ: ಲಾಕೀಷಿನ ಪತನವನ್ನು ಅವನು ಹೇಳುವುದೇ ಇಲ್ಲ, ಶತ್ರುವಿನ ಬಿಡಾರ ಅಲ್ಲಿತ್ತೆಂದು ಹಾದುಹೋಗುವ ಮಾತಿನಲ್ಲಿ ಸೂಚಿಸಿ, ತನ್ನ ಗಮನವನ್ನೆಲ್ಲ ರಾಜಧಾನಿಯ ಗೋಡೆಯ ಮೇಲಿನ ಮಾತುಕತೆಗೆ ಮೀಸಲಿಡುತ್ತಾನೆ. ಎರಡು ಕಡೆಯ ಮೌನಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗಲೇ 701ರ ಬೇಸಗೆಯ ನಿಜವಾದ ಆಕಾರ ತಿಳಿಯುತ್ತದೆ.

ಇಷ್ಟೆಲ್ಲ ಆಧಾರವಿದ್ದರೂ ಈ ಅಧ್ಯಾಯಗಳನ್ನು ವರದಿಯೆಂದು ಸರಳವಾಗಿ ಸ್ವೀಕರಿಸಲು ಬರುವುದಿಲ್ಲ. ಯೆಹೋವನ ದೂತನು ಒಂದೇ ರಾತ್ರಿ ಅಶ್ಶೂರರ ದಂಡಿನಲ್ಲಿ 1,85,000 ಮಂದಿಯನ್ನು ಸಂಹರಿಸಿದನೆಂದು 19ನೆಯ ಅಧ್ಯಾಯ ಹೇಳುತ್ತದೆ. ಕೂಡಲೇ ಸನ್ಹೇರೀಬ ನಿನೆವೆಗೆ ಹಿಂದಿರುಗಿ, ದೇವಾಲಯದಲ್ಲಿ ತನ್ನ ಮಕ್ಕಳ ಕತ್ತಿಗೆ ಬಲಿಯಾದನೆಂದು ಮುಂದಿನ ವಚನಗಳು ತಿಳಿಸುತ್ತವೆ. ಮಗನಿಂದಲೇ ಅವನ ಕೊಲೆಯಾದದ್ದು ಬಾಬಿಲೋನಿನ ವೃತ್ತಾಂತದಲ್ಲಿಯೂ ಇದೆ, ಆದರೆ ಅದು ನಡೆದದ್ದು ಕ್ರಿ.ಪೂ. 681ರಲ್ಲಿ, ಅಂದರೆ ದಂಡಯಾತ್ರೆ ಮುಗಿದು 20 ವರ್ಷಗಳ ನಂತರ. ಬರಹಗಾರ ಆ 20 ವರ್ಷಗಳನ್ನು ಮಡಚಿ, ದೇವರನ್ನು ಹೀಯಾಳಿಸಿದವನಿಗೆ ಆದ ಗತಿಯನ್ನು ಅಪರಾಧದ ಬೆನ್ನಿಗೇ ತಂದು ನಿಲ್ಲಿಸಿದ್ದಾನೆ. ಅಶ್ಶೂರರ ಮೇಲೆ ಯುದ್ಧಕ್ಕೆ ಹೊರಟ ತಿರ್ಹಾಕನನ್ನು ಕೂಷಿನ ಅರಸನೆಂದು ಅವನು ಕರೆಯುತ್ತಾನೆ, ಆದರೆ ತಿರ್ಹಾಕ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 690ರಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಪ್ಪ ಕೊಟ್ಟ ಸಂಗತಿ ಮತ್ತು ದೂತನ ಸಂಹಾರದ ಸಂಗತಿಗಳ ನಡುವಿನ ಬಿರುಕು. ಹಿಜ್ಕೀಯ ತಪ್ಪೊಪ್ಪಿಕೊಂಡು ದೇವಾಲಯದ ಬಾಗಿಲುಗಳ ಬಂಗಾರವನ್ನೂ ಕಿತ್ತು ಕಳುಹಿಸಿದನೆಂದು 18ನೆಯ ಅಧ್ಯಾಯದ 14ರಿಂದ 16ರವರೆಗಿನ ವಚನಗಳು ಹೇಳುತ್ತವೆ. ಮುಂದಿನ ವಚನದಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಅಶ್ಶೂರದ ಸೇನಾನಿಗಳು ಶರಣಾಗತಿಯನ್ನು ಕೇಳುತ್ತಾರೆ. ಜರ್ಮನ್ ವಿದ್ವಾಂಸ ಬರ್ನ್‌ಹಾರ್ಡ್ ಸ್ಟಾಡೆ 1886ರಲ್ಲಿಯೇ ಇಲ್ಲಿ ಬೇರೆ ಬೇರೆ ಮೂಲಗಳು ಕೂಡಿವೆಯೆಂದು ತೋರಿಸಿದ: ಮೊದಲನೆಯದು ಭಂಡಾರದ ಲೆಕ್ಕದಂತಿರುವ ಒಣ ಟಿಪ್ಪಣಿ, ಎರಡನೆಯದು ಸಂವಾದ, ಪ್ರಾರ್ಥನೆ, ಪ್ರವಾದನೆಗಳಿಂದ ತುಂಬಿದ ಕಥನ. ಇದೇ ಪ್ರಸಂಗವನ್ನು ಮತ್ತೆ ಹೇಳುವ ಯೆಶಾಯನ ಗ್ರಂಥದಲ್ಲಿಯೂ ‘ಪೂರ್ವಕಾಲವೃತ್ತಾಂತ’ದಲ್ಲಿಯೂ ಆ ಮೂರು ವಚನಗಳಿಲ್ಲ. ಭಕ್ತ ಅರಸನೊಬ್ಬ ದೇವಾಲಯವನ್ನೇ ಬರಿದುಮಾಡಿ ಕಪ್ಪ ಕೊಟ್ಟ ಮುಜುಗರದ ಸಂಗತಿಯನ್ನು ‘ಅರಸುಗಳು’ ಗ್ರಂಥದ ಸಂಕಲನಕಾರ ಮಾತ್ರ ಉಳಿಸಿಕೊಂಡ. ಅವನನ್ನು ಇತಿಹಾಸಕಾರನೆಂದು ಗೌರವಿಸಲು ಈ ಒಂದು ಕಾರಣವೇ ಸಾಕು.

ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ತನ್ನ ಎರಡನೆಯ ಸಂಪುಟದಲ್ಲಿ ಈಜಿಪ್ಟಿನ ಗಡಿಯಲ್ಲಿ ಸನ್ಹೇರೀಬನ ಸೈನ್ಯದ ಬಿಲ್ಲಿನ ಹೆದೆಗಳನ್ನು ಇಲಿಗಳು ಕಡಿದುಹಾಕಿದ ಕಥೆಯೊಂದನ್ನು ಹೇಳುತ್ತಾನೆ. ಇದನ್ನು ಬೈಬಲಿನ ದೂತನೊಡನೆ ಬೆರೆಸಿ, ಇಲಿಗಳೆಂದರೆ ಪ್ಲೇಗ್, ಪ್ಲೇಗ್ ಎಂದರೆ ದೂತ ಎಂದು ಲೆಕ್ಕ ಹಾಕಿ ಘಟನೆಯನ್ನು ಸಾಬೀತುಪಡಿಸುವ ಪ್ರಯತ್ನಗಳು ಬಹಳ ನಡೆದಿವೆ. ಎರಡು ಅದ್ಭುತಕಥೆಗಳನ್ನು ಕೂಡಿಸಿ ಒಂದು ವೈದ್ಯಕೀಯ ಸತ್ಯವನ್ನು ಪಡೆಯುವ ಈ ವಿಧಾನ ಎರಡೂ ಕಥೆಗಳಿಗೆ ಅನ್ಯಾಯ ಮಾಡುತ್ತದೆ. ಅದೇ ರೀತಿ, ಬೈಬಲಿನ 1,85,000ವನ್ನು ಅನುಮಾನಿಸುವವರು ಶಾಸನದ 2,00,150ನ್ನೂ ಅಷ್ಟೇ ಅನುಮಾನದಿಂದ ನೋಡಬೇಕಾಗುತ್ತದೆ, ಏಕೆಂದರೆ ಅಶ್ಶೂರದ ರಾಜಶಾಸನಗಳು ದೇವರುಗಳಿಗೂ ಮುಂದಿನ ಅರಸರಿಗೂ ಅರಸನ ಕೀರ್ತಿಯನ್ನು ಒಪ್ಪಿಸಲು ಬರೆಸಿದವು ಮತ್ತು ತಮ್ಮ ಕಡೆಯ ಸೋಲನ್ನು ಅವು ಒಪ್ಪಿಕೊಳ್ಳುವುದಿಲ್ಲ. ಜೇಡಿಮಣ್ಣಿನ ಮೇಲೆ ಕೊರೆದದ್ದೆಲ್ಲ ವಾಸ್ತವ, ಚರ್ಮದ ಸುರುಳಿಯ ಮೇಲೆ ಬರೆದದ್ದೆಲ್ಲ ನಂಬಿಕೆ ಎಂಬ ವಿಂಗಡಣೆ ನಿಲ್ಲುವುದಿಲ್ಲ.

ಇಲ್ಲಿಯೇ ಇಡೀ ಚರ್ಚೆಯ ತಿರುಳು ಸಿಗುತ್ತದೆ. ಒಂದು ಬರಹ ಇತಿಹಾಸವೇ ಎಂಬ ಪ್ರಶ್ನೆಯೂ ಅದರಲ್ಲಿರುವ ಸಂಗತಿಗಳು ನಿಜವೇ ಎಂಬ ಪ್ರಶ್ನೆಯೂ ಬೇರೆ ಬೇರೆ. ಅಮೆರಿಕದ ವಿದ್ವಾಂಸ ರಾಬರ್ಟ್ ಆಲ್ಟರ್ 1981ರಲ್ಲಿ ಪ್ರಕಟಿಸಿದ ಬೈಬಲಿನ ಕಥನಕಲೆಯ ಕುರಿತ ಗ್ರಂಥದಲ್ಲಿ, ಹೀಬ್ರೂ ಕಥನಗಳನ್ನು ಇತಿಹಾಸದ ರೂಪ ತೊಟ್ಟ ಕಲ್ಪಿತ ಗದ್ಯವೆಂದು ಓದುವುದು ಹೆಚ್ಚು ಫಲಪ್ರದವೆಂದು ವಾದಿಸಿದರು. ನಾಲ್ಕು ವರ್ಷಗಳ ನಂತರ ಇಸ್ರೇಲಿನ ಮೇಯರ್ ಸ್ಟರ್ನ್‌ಬರ್ಗ್ ಇದನ್ನು ಬಲವಾಗಿ ವಿರೋಧಿಸಿದರು. ಸ್ಟರ್ನ್‌ಬರ್ಗ್ ಅವರ ಪ್ರಕಾರ ಇತಿಹಾಸ ಮತ್ತು ಕಲ್ಪನೆಗಳ ವ್ಯತ್ಯಾಸ ಬರಹಗಾರ ಓದುಗರ ಮುಂದಿಡುವ ಹಕ್ಕುದಾವೆಯಲ್ಲಿದೆ: ನಡೆದದ್ದನ್ನು ಹೇಳುತ್ತಿದ್ದೇನೆಂಬ ಹೊಣೆ ಹೊತ್ತವನು ತಪ್ಪು ಹೇಳಿದರೂ ಇತಿಹಾಸಕಾರನೇ, ಆ ಹೊಣೆಯನ್ನು ಹೊರದವನು ನಿಜವಾದ ಊರುಗಳ ಹೆಸರುಗಳನ್ನೇ ಬಳಸಿದರೂ ಕಥೆಗಾರನೇ. ಈ ವಾದ ಹೆಚ್ಚು ಗಟ್ಟಿಯಾದದ್ದು. ‘ಅರಸುಗಳು’ ಗ್ರಂಥ ಅರಸರ ಆಳ್ವಿಕೆಯ ವರ್ಷಗಳನ್ನು ಎಣಿಸುತ್ತದೆ, ಹೆಚ್ಚಿನ ವಿವರ ಬೇಕಾದವರನ್ನು ಯೆಹೂದದ ಅರಸರ ರಾಜಕಾಲವೃತ್ತಾಂತವೆಂಬ ಬೇರೊಂದು ದಾಖಲೆಗೆ ಕಳುಹಿಸುತ್ತದೆ, ಹಿಜ್ಕೀಯ ಕೊಳವನ್ನೂ ಕಾಲುವೆಯನ್ನೂ ಮಾಡಿಸಿ ನಗರಕ್ಕೆ ನೀರು ತಂದುದನ್ನು ಗುರುತಿಸಿಡುತ್ತದೆ. ಯೆರೂಸಲೇಮಿನ ಕೆಳಗೆ ಬಂಡೆಯಲ್ಲಿ ಕೊರೆದ 533 ಮೀಟರು ಉದ್ದದ ಸುರಂಗವೊಂದು ಇಂದಿಗೂ ಇದೆ; ಅದರ ಗೋಡೆಯ ಮೇಲೆ 1880ರಲ್ಲಿ ಸಿಕ್ಕ ಶಾಸನ, ಎರಡು ತುದಿಗಳಿಂದ ಅಗೆಯುತ್ತ ಬಂದ ಕೆಲಸಗಾರರು ನಡುವೆ ಒಬ್ಬರ ದನಿಯನ್ನೊಬ್ಬರು ಕೇಳಿಸಿಕೊಂಡ ಸಂಗತಿಯನ್ನು ಹೇಳುತ್ತದೆ. ಅದರಲ್ಲಿ ಯಾವ ಅರಸನ ಹೆಸರೂ ಇಲ್ಲ, ಆದರೂ ಹೆಚ್ಚಿನ ವಿದ್ವಾಂಸರು ಸುರಂಗವನ್ನು ಹಿಜ್ಕೀಯನ ಕಾಲಕ್ಕೇ ಸೇರಿಸುತ್ತಾರೆ. ಪರಿಶೀಲನೆಗೆ ತನ್ನನ್ನು ತಾನೇ ಒಡ್ಡಿಕೊಳ್ಳುವ ಬರಹ ಇದು; ಪರಿಶೀಲಿಸಿ, ತಪ್ಪಿದ್ದಲ್ಲಿ ತಪ್ಪೆಂದು ಹೇಳುವುದೇ ಅದಕ್ಕೆ ತೋರುವ ಮರ್ಯಾದೆ.

ಯೋನನ ಪುಸ್ತಕಕ್ಕೆ ಬಂದಾಗ ಈ ಯಾವ ಗುರುತೂ ಕಾಣುವುದಿಲ್ಲ. ಕೇವಲ 4 ಅಧ್ಯಾಯಗಳ, 48 ವಚನಗಳ ಈ ಪುಟ್ಟ ಬರಹದ ನಾಯಕನ ಹೆಸರು ಮಾತ್ರ ಚರಿತ್ರೆಯಿಂದ ಬಂದದ್ದು: ಗತ್ ಹೇಫೆರಿನ ಅಮಿತ್ತೈಯ ಮಗ ಯೋನನೆಂಬ ಪ್ರವಾದಿ ಇಸ್ರಾಯೇಲಿನ ಗಡಿ ವಿಸ್ತಾರವಾಗುವುದೆಂದು ನುಡಿದಿದ್ದನೆಂದು ‘ಅರಸುಗಳು’ ಗ್ರಂಥ ಎರಡನೆಯ ಯಾರೊಬ್ಬಾಮನ ಕಾಲದ ವಿವರದಲ್ಲಿ, ಅಂದರೆ ಕ್ರಿ.ಪೂ. 8ನೆಯ ಶತಮಾನದಲ್ಲಿ, ಒಂದೇ ವಚನದಲ್ಲಿ ಹೇಳಿ ಮುಗಿಸುತ್ತದೆ. ಸ್ವಂತ ನಾಡಿನ ಹಿಗ್ಗುವಿಕೆಯನ್ನು ಸಾರಿದ ಆ ಪ್ರವಾದಿಯನ್ನೇ ಆರಿಸಿಕೊಂಡು, ಶತ್ರುವಿನ ರಾಜಧಾನಿಗೆ ಎಚ್ಚರಿಕೆ ಕೊಡಲು ಅವನನ್ನು ದೇವರು ಕಳುಹಿಸಿದ್ದರೆ ಅವನು ಏನು ಮಾಡುತ್ತಿದ್ದನೆಂದು ಕಥೆಗಾರ ಕೇಳುತ್ತಾನೆ. ಅವನು ಯೊಪ್ಪದ ಬಂದರಿನಿಂದ ತದ್ವಿರುದ್ಧ ದಿಕ್ಕಿನ ತಾರ್ಷೀಷಿಗೆ ಹಡಗು ಹತ್ತುತ್ತಾನೆ. ಬಿರುಗಾಳಿ ಎದ್ದಾಗ ಅನ್ಯದೇಶೀಯ ನಾವಿಕರು ತಮ್ಮ ತಮ್ಮ ದೇವರುಗಳನ್ನು ಕೂಗುತ್ತಾರೆ, ಪ್ರವಾದಿ ಹಡಗಿನ ತಳದಲ್ಲಿ ಗಾಢನಿದ್ರೆಯಲ್ಲಿರುತ್ತಾನೆ. ದೊಡ್ಡ ಮೀನು ಅವನನ್ನು ನುಂಗಿ ಮೂರು ದಿನಗಳ ಬಳಿಕ ದಡಕ್ಕೆ ಕಾರುತ್ತದೆ. ನಿನೆವೆಯಲ್ಲಿ ಅವನು ಸಾರುವ ಸಂದೇಶ ಒಂದೇ ಒಂದು ಚಿಕ್ಕ ವಾಕ್ಯ. ಅದಕ್ಕೆ ಇಡೀ ನಗರ ಪಶ್ಚಾತ್ತಾಪಪಡುತ್ತದೆ, ಅರಸ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂರುತ್ತಾನೆ, ದನಕರುಗಳೂ ಉಪವಾಸವಿದ್ದು ಗೋಣಿತಟ್ಟು ಹೊದೆಯಬೇಕೆಂಬ ಆಜ್ಞೆ ಹೊರಡುತ್ತದೆ. ನಗರ ಉಳಿದುದಕ್ಕೆ ಪ್ರವಾದಿ ಸಿಟ್ಟಾಗುತ್ತಾನೆ. ಒಂದು ರಾತ್ರಿಯಲ್ಲಿ ಬೆಳೆದು ನೆರಳು ಕೊಟ್ಟ ಸೋರೆಗಿಡ ಒಣಗಿದ್ದಕ್ಕೆ ಮರುಗುತ್ತಾನೆ.

ಈ ಬರಹದಲ್ಲಿ ಎಲ್ಲವೂ ಅಳತೆ ಮೀರಿದ್ದು: ಗಾಳಿ ದೊಡ್ಡದು, ಮೀನು ದೊಡ್ಡದು, ನಗರ ದೊಡ್ಡದು, ಪ್ರವಾದಿಯ ಸಿಟ್ಟೂ ದೊಡ್ಡದು. ದಾಟಲು ಮೂರು ದಿನ ಬೇಕೆಂದು ಕಥೆ ಹೇಳುವ ನಿನೆವೆಯ ಕೋಟೆಗೋಡೆಯ ಸುತ್ತಳತೆ ಅಗೆತಗಳ ಪ್ರಕಾರ ಸುಮಾರು 12 ಕಿಲೋಮೀಟರು, ಅಂದರೆ ಒಂದು ದಿನದೊಳಗೆ ಆರಾಮವಾಗಿ ಸುತ್ತಬಹುದಾದಷ್ಟು. ಅರಸನಿಗೆ ಹೆಸರಿಲ್ಲ, ಅಶ್ಶೂರದ ಅರಸನೆಂಬ ರೂಢಿಯ ಬಿರುದಿನ ಬದಲು ಅವನನ್ನು ನಿನೆವೆಯ ಅರಸನೆಂದು ಮಾತ್ರ ಕರೆಯಲಾಗಿದೆ. ಭಾಷೆಯಲ್ಲಿ ಅರಮಾಯಿಕ್ ಪ್ರಭಾವವಿದ್ದು, ನಗರವನ್ನು ಹಿಂದೆಂದೋ ಇದ್ದದ್ದೆಂಬಂತೆ ಹೇಳಿರುವುದರಿಂದ, ನಿನೆವೆ ಕ್ರಿ.ಪೂ. 612ರಲ್ಲಿ ಬಾಬಿಲೋನಿಯರ ಮತ್ತು ಮೇದ್ಯರ ಕೈಗೆ ಸಿಕ್ಕು ಹಾಳಾದ ಎಷ್ಟೋ ಕಾಲದ ಮೇಲೆ, ಸೆರೆವಾಸದಿಂದ ಮರಳಿದ ನಂತರದ ಶತಮಾನಗಳಲ್ಲಿ ಇದು ಹುಟ್ಟಿತೆಂದು ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ. ಕೇಳುಗರಿಗೆ ನಿನೆವೆಯ ಕೊನೆ ಚೆನ್ನಾಗಿ ಗೊತ್ತಿತ್ತು. ಅದು ಪಶ್ಚಾತ್ತಾಪಪಟ್ಟು ಉಳಿಯಿತೆಂದು ಕೇಳಿದಾಗ ಅವರಿಗೆ ಇದು ಯಾವ ಬಗೆಯ ಕಥನವೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಹೀಗಿದ್ದರೂ ಮೀನಿನ ಸುತ್ತ ನಡೆದಿರುವ ವಾದಗಳಿಗೆ ಲೆಕ್ಕವಿಲ್ಲ. 1891ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ತಿಮಿಂಗಿಲದ ಹೊಟ್ಟೆ ಸೇರಿದ ನಾವಿಕನೊಬ್ಬನನ್ನು ಜೀವಂತವಾಗಿ ಹೊರತೆಗೆಯಲಾಯಿತೆಂಬ ಪತ್ರಿಕಾ ಕಥೆಯನ್ನು ಯೋನನ ಪುಸ್ತಕದ ರುಜುವಾತೆಂದು ಎಷ್ಟೋ ವ್ಯಾಖ್ಯಾನಗಳು ಉಲ್ಲೇಖಿಸಿದವು. ಅಂಥದ್ದೇನೂ ನಡೆದಿಲ್ಲವೆಂದು ಆ ಹಡಗಿನ ಕಪ್ತಾನನ ಹೆಂಡತಿಯೇ ಮುಂದೆ ಪತ್ರ ಬರೆದು ತಿಳಿಸಿದ್ದಳು. ಕ್ರಿ.ಪೂ. 763ರ ಸೂರ್ಯಗ್ರಹಣದಿಂದ ಹೆದರಿದ್ದ ನಿನೆವೆಯವರು ಪ್ರವಾದಿಯ ಮಾತಿಗೆ ಬೇಗ ಮಣಿದಿರಬೇಕೆಂಬ ಇನ್ನೊಂದು ಊಹೆಯೂ ಇದೆ. ಗ್ರಹಣ ನಿಜವಾಗಿಯೂ ಆಗಿತ್ತು, ಆದರೆ ಕಥೆಯಲ್ಲಿ ಅದರ ಸುಳಿವೇ ಇಲ್ಲ. ಇಂಥ ರಕ್ಷಣೆ ಪುಸ್ತಕಕ್ಕೆ ಮಾಡುವ ದೊಡ್ಡ ಹಾನಿಯೆಂದರೆ, ನಾಲ್ಕನೆಯ ಅಧ್ಯಾಯದಲ್ಲಿ ದೇವರು ಪ್ರವಾದಿಗೆ ಕೇಳುವ ಪ್ರಶ್ನೆಯಿಂದ ಓದುಗರ ಗಮನವನ್ನು ಎರಡನೆಯ ಅಧ್ಯಾಯದ ಮೀನಿನ ಗಂಟಲಿನ ಅಗಲಕ್ಕೆ ತಿರುಗಿಸಿಬಿಡುವುದು. ಮೀನನ್ನು ಗೇಲಿ ಮಾಡುವವರೂ ಅದೇ ಹಾನಿಯನ್ನು ಮಾಡುತ್ತಾರೆ.

ತೋಬಿತ ಮತ್ತು ಯೂದಿತ ಎಂಬ ಉಳಿದೆರಡು ಪುಸ್ತಕಗಳು ಕ್ಯಾಥೊಲಿಕ್ ಹಾಗೂ ಆರ್ಥೊಡಾಕ್ಸ್ ಬೈಬಲುಗಳಲ್ಲಿವೆ, ಯಹೂದ್ಯರ ಮತ್ತು ಪ್ರಾಟೆಸ್ಟಂಟರ ಬೈಬಲುಗಳಲ್ಲಿಲ್ಲ. ತೋಬಿತ ನಿನೆವೆಗೆ ಸೆರೆಯಾಗಿ ಹೋದ ಇಸ್ರಾಯೇಲನೊಬ್ಬನ ಕುಟುಂಬಕಥೆ. ಅದು ಸನ್ಹೇರೀಬನನ್ನು ಶಲ್ಮನೆಸೆರನ ಮಗನೆಂದು ಕರೆಯುತ್ತದೆ, ಅವನು ಎರಡನೆಯ ಸರ್ಗೋನನ ಮಗ. ಅಹೀಕಾರನೆಂಬ ಮಂತ್ರಿಯನ್ನು ಅದು ತೋಬಿತನ ಹತ್ತಿರದ ನೆಂಟನನ್ನಾಗಿ ಮಾಡುತ್ತದೆ. ಈ ಅಹೀಕಾರ ಆ ಕಾಲದ ಪ್ರಸಿದ್ಧ ಅರಮಾಯಿಕ್ ಕಥೆಯೊಂದರ ನಾಯಕ. ಅವನ ಕಥೆಯ ಕ್ರಿ.ಪೂ. 5ನೆಯ ಶತಮಾನದ ಪ್ರತಿ ಈಜಿಪ್ಟಿನ ಎಲಿಫಾಂಟೀನ್ ದ್ವೀಪದಲ್ಲಿ ಸಿಕ್ಕಿದೆ. ಎಲ್ಲರಿಗೂ ಗೊತ್ತಿರುವ ಇನ್ನೊಂದು ಕಥೆಯ ಪಾತ್ರವನ್ನು ತನ್ನ ಕಥೆಯೊಳಕ್ಕೆ ನೆಂಟನಾಗಿ ಕರೆತರುವ ಬರಹಗಾರ ತನ್ನ ಬರಹದ ಸ್ವರೂಪವನ್ನು ಮುಚ್ಚಿಟ್ಟಿಲ್ಲ. ಯೂದಿತ ಇನ್ನೂ ಮುಂದೆ ಹೋಗಿ, ಮೊದಲ ವಾಕ್ಯದಲ್ಲಿಯೇ ನೆಬೂಕದ್ನೆಚ್ಚರನನ್ನು ನಿನೆವೆಯಲ್ಲಿ ಕೂತು ಅಶ್ಶೂರರನ್ನಾಳಿದ ಅರಸನನ್ನಾಗಿ ಮಾಡುತ್ತದೆ. ಯೆರೂಸಲೇಮಿನ ದೇವಾಲಯವನ್ನು ಸುಟ್ಟ ನೆಬೂಕದ್ನೆಚ್ಚರ ಬಾಬಿಲೋನಿನವನೆಂಬುದು ಯಾವ ಯಹೂದ್ಯ ಮಗುವಿಗೂ ತಿಳಿದಿದ್ದ ಸಂಗತಿಯಾದ್ದರಿಂದ, ಇದು ಅಜ್ಞಾನದ ತಪ್ಪಾಗಿರುವುದಕ್ಕಿಂತ ಓದುಗರಿಗೆ ಬಾಗಿಲಲ್ಲಿಯೇ ಕೊಟ್ಟ ಸೂಚನೆಯಾಗಿರುವುದೇ ಹೆಚ್ಚು ಸಂಭವ. ಮಾರ್ಟಿನ್ ಲೂಥರ್ ತನ್ನ ಜರ್ಮನ್ ಬೈಬಲಿನಲ್ಲಿ ಯೂದಿತಕ್ಕೆ ಬರೆದ ಮುನ್ನುಡಿಯಲ್ಲಿ, ಅದು ಕವಿಕಲ್ಪನೆಯಾಗಿರಬಹುದೆಂದೂ ಆ ಕಾರಣಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲವೆಂದೂ ಭಾವಿಸಿದ್ದ.

ಪವಿತ್ರಗ್ರಂಥದಲ್ಲಿ ಕಲ್ಪಿತ ಕಥನವಿರಬಹುದೆಂಬುದು ಆಧುನಿಕರ ಅವಿಧೇಯತೆಯಿಂದ ಹುಟ್ಟಿದ ಆಲೋಚನೆಯಲ್ಲ. ಯಹೂದ್ಯರ ಧರ್ಮಚರ್ಚೆಗಳ ಮಹಾಸಂಗ್ರಹವಾದ ತಾಲ್ಮೂದಿನ ‘ಬಾವಾ ಬಾತ್ರಾ’ ಭಾಗದಲ್ಲಿ ಇಂಥ ವಾದವೊಂದು ದಾಖಲಾಗಿದೆ: ಯೋಬನೆಂಬುವನು ಇರಲೇ ಇಲ್ಲ, ಅವನ ಪುಸ್ತಕ ಒಂದು ದೃಷ್ಟಾಂತ ಮಾತ್ರವೆಂದು ವಿದ್ವಾಂಸನೊಬ್ಬ ಹೇಳುತ್ತಾನೆ. ಯೋಬನ ಊರೂ ಹೆಸರೂ ಗ್ರಂಥದಲ್ಲಿವೆಯಲ್ಲ ಎಂದು ಅವನ ಗುರು ಆಕ್ಷೇಪಿಸಿದಾಗ, ಪ್ರವಾದಿ ನಾತಾನ ದಾವೀದನಿಗೆ ಹೇಳಿದ ಬಡವನ ಕುರಿಮರಿಯ ಕಥೆಯನ್ನು ಅವನು ಮುಂದಿಡುತ್ತಾನೆ. ಆ ಬಡವನಾಗಲಿ ಕುರಿಮರಿಯಾಗಲಿ ಎಂದಾದರೂ ಇದ್ದವೇ ಎಂದು ಕೇಳುತ್ತಾನೆ. ಎರಡನೆಯ ಸಾಮುವೇಲನ 12ನೆಯ ಅಧ್ಯಾಯದ ಆ ಪ್ರಸಂಗದಲ್ಲಿ, ಪರನಾರಿಯನ್ನು ಕಸಿದು ಅವಳ ಗಂಡನನ್ನು ಕೊಲ್ಲಿಸಿದ್ದ ಅರಸ ಕಥೆಯನ್ನು ವರದಿಯೆಂದೇ ನಂಬಿ ಕೆರಳಿ ತೀರ್ಪು ಕೊಡುತ್ತಾನೆ, ಆ ತೀರ್ಪು ತನಗೇ ತಗುಲಿದೆಯೆಂದು ಆಮೇಲೆ ತಿಳಿಯುತ್ತಾನೆ. ಕಲ್ಪಿತ ಕಥೆಯೊಂದು ಬೇರಾವ ಸಾಕ್ಷಿಯೂ ಮಾಡಲಾಗದ ಕೆಲಸವನ್ನು ಮಾಡಬಲ್ಲದೆಂಬುದನ್ನು ಬೈಬಲೇ ತನ್ನೊಳಗೆ ತೋರಿಸಿಕೊಟ್ಟಿದೆ. 12ನೆಯ ಶತಮಾನದ ತತ್ತ್ವಜ್ಞ ಮೈಮೊನಿಡೀಸ್ ಯೋಬನ ಪುಸ್ತಕವನ್ನು ದೃಷ್ಟಾಂತವೆಂದೇ ಓದಿದ. ಅದಕ್ಕೂ ಬಹಳ ಹಿಂದೆ, 3ನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗೆನ್, ಸೂರ್ಯಚಂದ್ರರು ಇನ್ನೂ ಸೃಷ್ಟಿಯಾಗದಿದ್ದಾಗ ಆದಿಕಾಂಡದ ಮೊದಲ ಮೂರು ದಿನಗಳಿಗೆ ಸಂಜೆಯೂ ಬೆಳಗೂ ಹೇಗೆ ಬಂದವೆಂದು ಕೇಳಿ, ಇವು ಗೂಢಾರ್ಥದ ಮಾತುಗಳೆಂದು ತೀರ್ಮಾನಿಸಿದ್ದ.

ಹಾಗಾದರೆ ಇಂದಿನ ಬಿಗಿಯಾದ ಇಬ್ಭಾಗ ಎಲ್ಲಿಂದ ಬಂತು? 1974ರ ತಮ್ಮ ಗ್ರಂಥದಲ್ಲಿ ವಿದ್ವಾಂಸ ಹಾನ್ಸ್ ಫ್ರೈ ಕೊಟ್ಟ ವಿವರಣೆ ಒಪ್ಪುವಂಥದ್ದು. 18ನೆಯ ಶತಮಾನದ ಹೊತ್ತಿಗೆ ಯುರೋಪಿನ ಓದುಗರಿಗೆ ಒಂದು ಕಥನದ ಅರ್ಥವೆಂದರೆ ಅದು ಬೆರಳು ಮಾಡಿ ತೋರಿಸುವ ಹೊರಗಿನ ಘಟನೆ ಎಂದಾಯಿತು. ಘಟನೆ ಸಿಕ್ಕರೆ ಕಥನ ನಿಜ, ಸಿಗದಿದ್ದರೆ ಸುಳ್ಳು. ಸಂಪ್ರದಾಯವಾದಿಗಳೂ ಅವರನ್ನು ಟೀಕಿಸಿದವರೂ ಈ ಅಳತೆಗೋಲನ್ನೇ ಹಿಡಿದರು, ಕಥನವನ್ನು ಕಥನವಾಗಿ ಓದುವ ಅಭ್ಯಾಸ ಇಬ್ಬರ ಕೈಯಿಂದಲೂ ಜಾರಿತು. ಕ್ಯಾಥೊಲಿಕ್ ಚರ್ಚು 1943ರಲ್ಲಿ ಹನ್ನೆರಡನೆಯ ಪಿಯುಸ್ ಹೊರಡಿಸಿದ ಪರಿಪತ್ರದಲ್ಲಿಯೂ 1965ರ ಎರಡನೆಯ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಮ್’ ದಸ್ತಾವೇಜಿನಲ್ಲಿಯೂ ಪ್ರಾಚೀನ ಸಾಹಿತ್ಯಪ್ರಕಾರಗಳನ್ನು ಅರಿತೇ ಗ್ರಂಥವನ್ನು ವ್ಯಾಖ್ಯಾನಿಸಬೇಕೆಂದು ಒಪ್ಪಿಕೊಂಡಿತು. 1978ರಲ್ಲಿ ಅಮೆರಿಕದ ಇವಾಂಜೆಲಿಕಲ್ ಮುಖಂಡರು ಸಹಿ ಹಾಕಿದ ಷಿಕಾಗೊ ಹೇಳಿಕೆ ಕೂಡ ಸಾಹಿತ್ಯರೂಪಗಳನ್ನು ಗಮನಿಸಬೇಕೆನ್ನುತ್ತದೆ, ಆದರೆ ಅದರ ನೆಪದಲ್ಲಿ ಗ್ರಂಥದ ಐತಿಹಾಸಿಕತೆಯನ್ನು ಕಳಚುವುದನ್ನು ತಿರಸ್ಕರಿಸುತ್ತದೆ. ಯೇಸು ತನ್ನ ಮಾತಿನಲ್ಲಿ ಯೋನನನ್ನು ಉಲ್ಲೇಖಿಸಿದ್ದರಿಂದ ಯೋನನ ಕಥೆ ನಡೆದದ್ದಾಗಿರಲೇಬೇಕೆಂಬುದು ಆ ಪಕ್ಷದವರ ಮುಖ್ಯ ವಾದ. ಕೇಳುಗರೆಲ್ಲರಿಗೂ ಪರಿಚಿತವಾದ ಕಥೆಯೊಂದನ್ನು ಉದಾಹರಿಸುವ ಬೋಧಕ ಅದರ ಐತಿಹಾಸಿಕತೆಗೆ ಜಾಮೀನು ನಿಂತಂತಾಗುವುದಿಲ್ಲವೆಂಬುದೇ ಅದಕ್ಕೆ ತಕ್ಕ ಉತ್ತರ.

ಆದರೆ ಎಲ್ಲವನ್ನೂ ಕಥೆಯೆಂದು ಕರೆದು ಕೈತೊಳೆದುಕೊಳ್ಳುವವರಿಗೂ ಬೈಬಲು ಸುಲಭದಲ್ಲಿ ದಾರಿ ಬಿಡುವುದಿಲ್ಲ. 1ನೆಯ ಶತಮಾನದ ಮಧ್ಯದಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲ, ಕ್ರಿಸ್ತ ಸತ್ತವರೊಳಗಿಂದ ಎದ್ದದ್ದು ನಡೆಯದಿದ್ದರೆ ತನ್ನ ಬೋಧನೆಯೇ ಹುಸಿಯೆಂದು ಹೇಳಿ, ಅವನನ್ನು ಕಂಡವರಲ್ಲಿ ಹಲವರು ಇನ್ನೂ ಬದುಕಿದ್ದಾರೆಂದು ಸೇರಿಸುತ್ತಾನೆ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು, ಆದರೆ ಇದನ್ನು ಸುಂದರ ರೂಪಕವೆಂದು ಓದುವುದು ಪೌಲನ ಮಾತನ್ನು ತಿದ್ದಿ ಓದಿದಂತೆ. ಲೂಕನೂ ತನ್ನ ಸುವಾರ್ತೆಯ ಆರಂಭದಲ್ಲಿ ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆಂದು ಹೇಳಿಕೊಳ್ಳುತ್ತಾನೆ. ಆ ಮಾತಿಗೆ ಅವನು ಹೊಣೆಗಾರ. ಅವನು ಯೇಸುವಿನ ಜನನವನ್ನು ಕ್ವಿರಿನಿಯನ ಜನಗಣತಿಗೂ ಹೆರೋದನ ಕಾಲಕ್ಕೂ ಒಟ್ಟಿಗೆ ಕಟ್ಟುತ್ತಾನೆ, ಆದರೆ ಹೆರೋದ ಸತ್ತದ್ದು ಬಹುತೇಕ ವಿದ್ವಾಂಸರ ಪ್ರಕಾರ ಕ್ರಿ.ಪೂ. 4ರಲ್ಲಿ, ಆ ಜನಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಇದು ಇತಿಹಾಸ ಬರೆಯಹೊರಟವನ ತೊಡಕು, ಮತ್ತು ಇತಿಹಾಸದ ಅಳತೆಯಲ್ಲಿಯೇ ಇದನ್ನು ತೂಗಬೇಕು. ಅದೇ ಲೂಕನ 10ನೆಯ ಅಧ್ಯಾಯದಲ್ಲಿ ಯೇಸು ಹೇಳುವ ದೃಷ್ಟಾಂತದಲ್ಲಿ ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದವನ ಹೆಸರೇನೆಂದು ಯಾರೂ ಕೇಳುವುದಿಲ್ಲ, ಆ ದಾರಿ ನಿಜವಾಗಿಯೂ ಇದ್ದರೂ.

ಐದನೆಯ ಬರಹವಾದ ನಹೂಮ ಈ ಎರಡು ಪೆಟ್ಟಿಗೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದು ನಿನೆವೆಯ ನಾಶವನ್ನು ಹಾಡುವ ಕಾವ್ಯ. ಕ್ರಿ.ಪೂ. 663ರಲ್ಲಿ ಅಶ್ಶೂರರೇ ಲೂಟಿಮಾಡಿದ ಈಜಿಪ್ಟಿನ ಥೀಬ್ಸ್ ನಗರದ ಪತನವನ್ನು ಅದು ಆಗಿಹೋದ ಸಂಗತಿಯೆಂದು ನೆನೆಯುವುದರಿಂದ, ಆ ವರ್ಷದ ನಂತರದ್ದೆಂಬುದು ಖಚಿತ. ಲಾಕೀಷಿನ ಶಿಲ್ಪಗಳಲ್ಲಿ ಊರು ಬಿಟ್ಟು ನಡೆಯುವವರ ಮಕ್ಕಳು ಮೊಮ್ಮಕ್ಕಳ ತಲೆಮಾರುಗಳ ಸಿಟ್ಟು ಅದರಲ್ಲಿದೆ. ರಥಗಳ ಗದ್ದಲವನ್ನೂ ಹೆಣಗಳ ರಾಶಿಯನ್ನೂ ಅದು ಹಿಗ್ಗಿನಿಂದಲೇ ವರ್ಣಿಸುತ್ತದೆ. ಹನ್ನೆರಡು ಕಿರಿಯ ಪ್ರವಾದಿಗಳ ಬರಹಗಳನ್ನು ಒಂದೇ ಸುರುಳಿಯಲ್ಲಿ ಜೋಡಿಸಿದ ಯಹೂದ್ಯ ಸಂಪಾದಕರು ಹೀಬ್ರೂ ಕ್ರಮದಲ್ಲಿ ಯೋನ ಮತ್ತು ನಹೂಮರ ನಡುವೆ ಮೀಕನನ್ನು ಮಾತ್ರ ಇರಿಸಿದರು. ಎರಡನ್ನೂ ವರದಿಗಳೆಂದು ಓದಿದವರು, ನಿನೆವೆ ಮೊದಲು ಪಶ್ಚಾತ್ತಾಪಪಟ್ಟು ಆಮೇಲೆ ಮತ್ತೆ ಕೆಟ್ಟಿತೆಂದು ಹೇಳಿ ಹೊಂದಿಸಬೇಕಾಯಿತು, ನಹೂಮನ ಪ್ರಾಚೀನ ಅರಮಾಯಿಕ್ ಅನುವಾದ ಅದನ್ನೇ ಮಾಡಿದೆ. ಒಂದನ್ನು ಕಾವ್ಯವೆಂದೂ ಇನ್ನೊಂದನ್ನು ಅದರ ನಂತರ ಹುಟ್ಟಿದ ಕಲ್ಪಿತ ಕಥೆಯೆಂದೂ ಓದಿದಾಗ, ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಉತ್ತರವಾಗಿ ಕಾಣುತ್ತದೆ.

ಈ ಉತ್ತರವನ್ನು ಬದುಕಿನೊಳಗೆ ತೆಗೆದುಕೊಂಡವರೂ ಇದ್ದಾರೆ. ಯಹೂದ್ಯರು ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರಿನ ಮಧ್ಯಾಹ್ನ ಯೋನನ ಪುಸ್ತಕವನ್ನು ಪೂರ್ತಿಯಾಗಿ ಓದುತ್ತಾರೆ. ಸಿರಿಯಾಕ್ ಪರಂಪರೆಯ ಚರ್ಚುಗಳು, ಕೇರಳದ ಸಂತ ತೋಮರ ಕ್ರೈಸ್ತರೂ ಸೇರಿದಂತೆ, ತಪಸ್ಸುಕಾಲಕ್ಕೆ ಸುಮಾರು ಮೂರು ವಾರ ಮೊದಲು ನಿನೆವೆಯ ಮೂರು ದಿನಗಳ ಉಪವಾಸವನ್ನು ಆಚರಿಸುತ್ತವೆ. ಆ ಪರಂಪರೆಯ ಇರಾಕಿ ಕ್ರೈಸ್ತರಲ್ಲಿ ಅನೇಕರು ತಮ್ಮನ್ನು ಅಶ್ಶೂರರ ಸಂತತಿಯೆಂದೇ ಕರೆದುಕೊಳ್ಳುತ್ತಾರೆ. ಕುರಾನಿನಲ್ಲಿ ಯೂನುಸ್ ಎಂಬ ಹೆಸರಿನಿಂದ ಬರುವ ಈ ಪ್ರವಾದಿಯ ಸಮಾಧಿಯೆಂದು ಮೋಸುಲಿನ ದಿಬ್ಬವೊಂದರ ಮೇಲೆ ಪೂಜ್ಯವಾಗಿದ್ದ ಮಸೀದಿಯನ್ನು 2014ರ ಜುಲೈಯಲ್ಲಿ ಐಎಸ್ ಉಗ್ರರು ಸ್ಫೋಟಿಸಿದರು. ಅದರ ಅಡಿಯಲ್ಲಿ ಅವರು ಕೊರೆದ ಸುರಂಗಗಳಲ್ಲಿ ಸನ್ಹೇರೀಬನ ಮಗ ಏಸರ್‌ಹದ್ದೋನನ ಅರಮನೆಯ ಅವಶೇಷಗಳು ಆಮೇಲೆ ಕಂಡುಬಂದವು. ಅಶ್ಶೂರದ ಯಾವ ದಾಖಲೆಯಲ್ಲಿಯೂ ನಿನೆವೆಯ ಪಶ್ಚಾತ್ತಾಪದ ಉಲ್ಲೇಖವಿಲ್ಲ, ಸಿಗುವ ನಿರೀಕ್ಷೆಯೂ ಇಲ್ಲ. ಸುರುಳಿಯಲ್ಲಿ ನಹೂಮ, ಯೋನ ಎಂಬ ಈ ಎರಡು ಪುಸ್ತಕಗಳೂ ಪ್ರಶ್ನೆಯಲ್ಲಿಯೇ ಮುಗಿಯುತ್ತವೆ: ನಿನೆವೆಯ ಕೇಡಿನಿಂದ ನೋಯದವರು ಯಾರಿದ್ದಾರೆಂದು ನಹೂಮ ನಿನೆವೆಯನ್ನು ಕೇಳುತ್ತಾನೆ, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಅಷ್ಟೊಂದು ದನಕರುಗಳೂ ಇರುವ ಊರಿಗಾಗಿ ತಾನು ಮರುಗಬಾರದೇ ಎಂದು ದೇವರು ಯೋನನನ್ನು ಕೇಳುತ್ತಾನೆ, ಯೋನ ಏನೆಂದನೆಂಬುದನ್ನು ಕಥೆಗಾರ ಬರೆದಿಲ್ಲ.